ಆರ್ಕಿಟೆಕ್ಟ್ ಜೊತೆ ಮನೆ ಕಟ್ಟಿಸುವಾಗ ಬಜೆಟ್ ಕೈ ಮೀರದಂತೆ ನೋಡಿಕೊಳ್ಳುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಒಂದು ಮಾರ್ಗದರ್ಶಿ

"ಚದರಡಿಗೆ ಎಷ್ಟ್ ಬೀಳ್ತೈತ್ರಿ?" ಮನೆ ಕಟ್ಟಿಸಬೇಕು ಅಂದವರು ನಮ್ಮ ಕಡೆ ಮೊದಲು ಕೇಳುವುದು ಇದನ್ನೇ. ಗೌಂಡಿ ಒಂದು ರೇಟು ಹೇಳುತ್ತಾನೆ. ಕಾಂಟ್ರಾಕ್ಟರ್ ಇನ್ನೊಂದು ಹೇಳುತ್ತಾನೆ. ಮೊನ್ನೆ ತಾನೇ ವಾಸ್ತುಶಾಂತಿ ಮುಗಿಸಿದ ಬೀಗರು ಮತ್ತೊಂದು. ಕೈಯಲ್ಲಿರುವ ದುಡ್ಡನ್ನು ಆ ರೇಟಿನಿಂದ ಭಾಗಿಸಿ, ಇಷ್ಟು ದೊಡ್ಡ ಮನೆ ಬರುತ್ತದೆ ಎಂದು ಮನಸ್ಸಿನಲ್ಲೇ ಕಟ್ಟಿಬಿಡುತ್ತೇವೆ. ಬಜೆಟ್ ತಪ್ಪುವುದು ಅಲ್ಲಿಂದಲೇ. ಸಿಮೆಂಟ್ ತುಟ್ಟಿಯಾಯಿತು, ಗೌಂಡಿ ಕೈಕೊಟ್ಟ ಎನ್ನುವುದೆಲ್ಲ ಆಮೇಲಿನ ಮಾತು.

ಆರ್ಕಿಟೆಕ್ಟ್ ಹಿಡಿದರೆ ಖರ್ಚು ಜಾಸ್ತಿ ಎನ್ನುವವರೂ ಇದ್ದಾರೆ. ಮುಂದಿನ ಎಲಿವೇಶನ್ ಚೆಂದ ಕಾಣಲಿ ಅಂತ ಮಾತ್ರ ಅವರ ಹತ್ತಿರ ಹೋದರೆ ಆ ಮಾತು ನಿಜವೇ. ಆದರೆ ದುಡ್ಡಿನ ಲೆಕ್ಕಕ್ಕೂ ಅವರನ್ನು ಮೊದಲ ದಿನದಿಂದ ಜೊತೆಗೆ ಕೂರಿಸಿಕೊಂಡರೆ, ಕೊಟ್ಟ ಫೀ ನಕ್ಷೆಯಲ್ಲೇ ವಾಪಸ್ ಬರುತ್ತದೆ. ಗೋಡೆ ಏಳುವ ಮೊದಲು ಗೆರೆ ಅಳಿಸಲು ಏನೂ ಖರ್ಚಿಲ್ಲ. ಎದ್ದ ಮೇಲೆ ಕೆಡವಲು ಕೂಲಿ ಬೇಕು, ಮತ್ತೆ ಕಟ್ಟಲು ಕೂಲಿ ಬೇಕು, ಮಣ್ಣು ಸಾಗಿಸಲು ಟ್ರ್ಯಾಕ್ಟರ್ ಬೇಕು.

ಮೊದಲ ಹೆಜ್ಜೆ: ದುಡ್ಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ನಿಮ್ಮ ಉಳಿತಾಯ, ಸಿಗುವ ಸಾಲ, ಮನೆಯವರು ಕೊಡುವುದು ಎಲ್ಲ ಸೇರಿ 50 ಲಕ್ಷ ಇದೆ ಎಂದುಕೊಳ್ಳಿ. ಪ್ಲಾಟು ಆಗಲೇ ನಿಮ್ಮದು. ಈ 50 ಲಕ್ಷ ಇಡಿಯಾಗಿ ಗೋಡೆಗೆ ಹೋಗುವುದಿಲ್ಲ. ಮೊದಲು ಇವನ್ನು ಕಳೆಯಿರಿ. ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ:

- ಮೊದಲೇ ಗೊತ್ತಾಗದ ಖರ್ಚಿಗೆ ಮೀಸಲು: 5 ಲಕ್ಷ
- ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಇಂಜಿನಿಯರ್ ಫೀ: 2.5 ಲಕ್ಷ
- ಪರವಾನಗಿ, ಸೆಸ್, ಹೆಸ್ಕಾಂ ಮೀಟರ್, ನಳ, ಒಳಚರಂಡಿ: 1.5 ಲಕ್ಷ
- ಕಂಪೌಂಡ್, ಗೇಟು, ಸಂಪು, ಬೋರ್: 4 ಲಕ್ಷ
- ಅಡುಗೆಮನೆ ಕಪಾಟು, ವಾರ್ಡ್‌ರೋಬ್, ಫ್ಯಾನು, ಲೈಟು: 5 ಲಕ್ಷ
- ಕಟ್ಟುವ ಅವಧಿಯ ಬಾಡಿಗೆ ಮತ್ತು ಸಾಲದ ಬಡ್ಡಿ: 2 ಲಕ್ಷ
- ಭೂಮಿಪೂಜೆ, ವಾಸ್ತುಶಾಂತಿ, ಊಟ, ಆಯೇರಿ: 1.5 ಲಕ್ಷ

ಒಟ್ಟು 21.5 ಲಕ್ಷ ಹೋಯಿತು. ಕಟ್ಟಡಕ್ಕೆ ಉಳಿದದ್ದು 28.5 ಲಕ್ಷ. ಚದರಡಿಗೆ 1,900 ರೂಪಾಯಿ ಅಂತ ಹಿಡಿದರೆ 1,500 ಚದರಡಿ ಮನೆ ಬರುತ್ತದೆ. ಅದೇ 50 ಲಕ್ಷವನ್ನು ನೇರವಾಗಿ 1,900ರಿಂದ ಭಾಗಿಸಿದ್ದರೆ 2,600 ಚದರಡಿಗಿಂತ ಜಾಸ್ತಿ ಬರುತ್ತಿತ್ತು. ನಡುವಿನ 1,100 ಚದರಡಿ ಅಂದರೆ ಹತ್ತಿರ ಹತ್ತಿರ ಒಂದು ಇಡೀ ಮಹಡಿ. ಅರ್ಧಕ್ಕೆ ನಿಂತ ಮೇಲ್ಮಹಡಿ, ಗಿಲಾವು ಕಾಣದ ಹೊರಗೋಡೆ, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದ ಮನೆಗಳು ಯಾವ ಬಡಾವಣೆಗೆ ಹೋದರೂ ಕಾಣುತ್ತವಲ್ಲ, ಬಹಳಷ್ಟು ಈ ಲೆಕ್ಕದಿಂದಲೇ ಹುಟ್ಟಿದವು.

ವಾಸ್ತುಶಾಂತಿಯ ಖರ್ಚನ್ನು ಪಟ್ಟಿಗೆ ಹಾಕಲು ನಾಚಿಕೆ ಬೇಡ. ನಮ್ಮಲ್ಲಿ ಆ ಖರ್ಚು ಬಂದೇ ಬರುತ್ತದೆ. ಬರೆದಿಡದಿದ್ದರೆ ಬಣ್ಣದ ದುಡ್ಡು ಊಟಕ್ಕೆ ಹೋಗುತ್ತದೆ, ಅಷ್ಟೇ.

ಸಾಲದ ವಿಷಯದಲ್ಲಿ ಎರಡು ಮಾತು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಮನೆ ಸಾಲದಲ್ಲಿ ಬ್ಯಾಂಕು ಹೆಚ್ಚೆಂದರೆ ಆಸ್ತಿ ಬೆಲೆಯ 90% ಕೊಡಬಹುದು. 30ರಿಂದ 75 ಲಕ್ಷದವರೆಗೆ 80%, ಅದರ ಮೇಲೆ 75%. ಉಳಿದದ್ದು ನಿಮ್ಮ ಕೈಯಿಂದ ಬರಬೇಕು. ಇನ್ನೊಂದು, ಬ್ಯಾಂಕು ದುಡ್ಡನ್ನು ಒಮ್ಮೆಗೇ ಕೊಡುವುದಿಲ್ಲ. ಪ್ಲಿಂತ್ (ಪಾಯದ ಮೇಲಿನ ಕಟ್ಟೆ), ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ), ಸ್ಲ್ಯಾಬ್, ಫಿನಿಶಿಂಗ್ ಹೀಗೆ ಹಂತ ಮುಗಿದದ್ದನ್ನು ನೋಡಿ ಕಂತು ಬಿಡುತ್ತದೆ. ಹಂತ ಮುಗಿಸಲು ಮಾತ್ರ ದುಡ್ಡು ಮೊದಲೇ ಬೇಕು. ಹಾಗಾಗಿ ನಿಮ್ಮ ಸ್ವಂತ ದುಡ್ಡನ್ನು ಕೊನೆಗೆ ಇಟ್ಟುಕೊಳ್ಳುವ ಯೋಚನೆ ನಡೆಯುವುದಿಲ್ಲ. ನಡುವೆ ಕಂತು ತಡವಾದರೆ ಕೈಗಡ ತರಬೇಕಾಗುತ್ತದೆ, ಅದರ ಬಡ್ಡಿ ಯಾವ ಎಸ್ಟಿಮೇಟಿನಲ್ಲೂ ಇರುವುದಿಲ್ಲ.

ಎರಡನೇ ಹೆಜ್ಜೆ: ನೆಲ ಎಂಥದ್ದು ಅಂತ ತಿಳಿದುಕೊಳ್ಳಿ

ನಮ್ಮ ಭಾಗದಲ್ಲಿ ಬಜೆಟ್ಟನ್ನು ಮೊದಲು ಅಲ್ಲಾಡಿಸುವುದು ಪಾಯ. ಹುಬ್ಬಳ್ಳಿಯಿಂದ ಪೂರ್ವಕ್ಕೆ, ಕುಸುಗಲ್ಲು, ಅಣ್ಣಿಗೇರಿ, ನವಲಗುಂದ, ಗದಗ ಕಡೆ ಹೋದಂತೆ ಎರೆ ಭೂಮಿ. ಧಾರವಾಡದಲ್ಲಿ, ಅದರಲ್ಲೂ ಪಶ್ಚಿಮಕ್ಕೆ, ಕೆಂಪು ಮಣ್ಣು, ಗರಸು ಸಿಗುತ್ತದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಆಳವಾದ ಎರೆಯಲ್ಲಿ ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಕೆಳಗಿನವರೆಗೂ ಇರುತ್ತದೆ. ಮೇಲೆ ಕಟ್ಟಿದ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಎರಡು ವರ್ಷಕ್ಕೆ ಮೂಲೆಯಿಂದ ಓರೆಯಾಗಿ ಬಿರುಕು ಬರುವುದು ಹೀಗೆ.

ಅದಕ್ಕೆ ನಕ್ಷೆ ಬಿಡಿಸುವ ಮೊದಲೇ ಮಣ್ಣಿನ ಪರೀಕ್ಷೆ ಮಾಡಿಸಿ. "ಪಕ್ಕದ ಪ್ಲಾಟಿನ್ಯಾಗ ಐದ್ ಫೂಟಿಗೇ ಗಟ್ಟಿ ನೆಲ ಸಿಕ್ಕೈತಿ" ಎನ್ನುವ ಮಾತನ್ನು ನಂಬಿ ಎಸ್ಟಿಮೇಟ್ ಮಾಡಬೇಡಿ. ಕೆಲವು ಬಡಾವಣೆಗಳಲ್ಲಿ ಹಳೆಯ ಹಳ್ಳ, ಕೆರೆ ಅಂಗಳಕ್ಕೆ ಮಣ್ಣು ತುಂಬಿರುತ್ತಾರೆ. ಅಲ್ಲಿ ಒಂದು ಪ್ಲಾಟಿಗೂ ಮುಂದಿನ ಪ್ಲಾಟಿಗೂ ಸಂಬಂಧ ಇರುವುದಿಲ್ಲ. ವರದಿ ಬಂದ ಮೇಲೆ ಸ್ಟ್ರಕ್ಚರಲ್ ಇಂಜಿನಿಯರ್ ಹೇಳುತ್ತಾರೆ: ಎರೆ ತೆಗೆದು ಗರಸು ತುಂಬಿ ಕಂಬದ ಕೆಳಗೆ ಅಗಲವಾದ ಪಾದ, ಅಂದರೆ ಫುಟಿಂಗ್ ಸಾಕೋ, ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು, ಅಂದರೆ ರಾಫ್ಟ್ ಬೇಕೋ, ಕೆಳಗೆ ಬಲ್ಬಿನಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ಬೇಕೋ. ಈ ಮೂರರ ನಡುವೆ ಖರ್ಚಿನ ವ್ಯತ್ಯಾಸ ಲಕ್ಷಗಳಲ್ಲಿ ಇರಬಹುದು. ಪಾಯಕ್ಕೆ ಎಷ್ಟು ಎಂದು ಗೊತ್ತಾಗುವವರೆಗೆ ಮೇಲಿನ ಮನೆಯ ಅಳತೆ ಪಕ್ಕಾ ಮಾಡಬೇಡಿ.

ಒಂದು ವಿಷಯ ಮಾತ್ರ ಕಣ್ಣಿಟ್ಟು ನೋಡಿ. ಪಾಯ ತೆಗೆದಾಗ ಬಂದ ಎರೆ ಮಣ್ಣನ್ನೇ ವಾಪಸ್ ಪ್ಲಿಂತ್ ಒಳಗೆ ತುಂಬಿ ಕೆಲಸ ಮುಗಿಸುವ ಅಭ್ಯಾಸ ಕೆಲವರಿಗಿದೆ. ಗರಸಿನ ಟ್ರಿಪ್ ಉಳಿಯಿತು ಅನ್ನುತ್ತಾರೆ. ಮುಂದೆ ಉಬ್ಬಿ ಎದ್ದು ಬರುವುದು ನಿಮ್ಮ ಟೈಲ್ಸು. ಎರೆಯನ್ನು ಹೊರಗೆ ಸಾಗಿಸುವುದು, ಗರಸು ತಂದು ಪದರ ಪದರವಾಗಿ ನೀರು ಹೊಡೆದು ಧಮ್ಮಸ್ಸು ಮಾಡುವುದು, ಇವೆರಡನ್ನೂ ಎಸ್ಟಿಮೇಟಿನಲ್ಲಿ ಪ್ರತ್ಯೇಕವಾಗಿ ಬರೆಸಿ.

ಮೂರನೇ ಹೆಜ್ಜೆ: ಆರ್ಕಿಟೆಕ್ಟ್ ಆಯ್ಕೆ, ಮತ್ತು ಅವರಿಗೆ ಹೇಳಬೇಕಾದ ನಿಜ

1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಅವರ ನೋಂದಣಿ ಸಂಖ್ಯೆ 'ಸಿಎ' ಎಂದು ಶುರುವಾಗುತ್ತದೆ, ಕೌನ್ಸಿಲ್ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಒಳ್ಳೆಯ ಸಿವಿಲ್ ಇಂಜಿನಿಯರ್‌ಗಳೂ ನಮ್ಮಲ್ಲಿ ಚೆನ್ನಾಗಿ ಮನೆ ಮಾಡುತ್ತಾರೆ, ಅದು ಬೇರೆ ಮಾತು. ಆದರೆ ನೀವು ಯಾರಿಗೆ ಯಾವ ಕೆಲಸಕ್ಕೆ ದುಡ್ಡು ಕೊಡುತ್ತಿದ್ದೀರಿ ಎಂದು ಗೊತ್ತಿರಲಿ.

ಅವರು ಮಾಡಿದ ಎರಡು ಮೂರು ಮನೆ ನೋಡಿ. ಫೋಟೋ ಅಲ್ಲ, ಮನೆ. ಆ ಮನೆಯವರನ್ನು ಒಂದೇ ಪ್ರಶ್ನೆ ಕೇಳಿ: ಶುರುವಿಗೆ ಎಷ್ಟು ಹೇಳಿದ್ದರು, ಮುಗಿದಾಗ ಎಷ್ಟಾಯಿತು? ಜಾಸ್ತಿ ಆಗಿದ್ದರೆ ಯಾರ ಬದಲಾವಣೆಯಿಂದ ಎಂದೂ ಕೇಳಿ. ಅರ್ಧ ಸಲ ಮನೆಯವರೇ ನಕ್ಕು "ನಾವೇ ಜಾಸ್ತಿ ಮಾಡಿಕೊಂಡ್ವಿ" ಅನ್ನುತ್ತಾರೆ.

ಫೀ ಮೂರು ರೀತಿ ಇರುತ್ತದೆ: ಚದರಡಿ ಲೆಕ್ಕ, ಕಟ್ಟಡದ ಖರ್ಚಿನ ಶೇಕಡಾ ಲೆಕ್ಕ, ಇಲ್ಲವೇ ಒಂದು ಗೊತ್ತಾದ ಮೊತ್ತ. ಬಜೆಟ್ ಗಟ್ಟಿ ಇರುವವರಿಗೆ ಗೊತ್ತಾದ ಮೊತ್ತವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಶೇಕಡಾ ಲೆಕ್ಕವಾದರೆ ಖರ್ಚು ಏರಿದಂತೆ ಫೀಯೂ ಏರುತ್ತದೆ. ಅದರಲ್ಲಿ ಮೋಸ ಇದೆ ಅಂತಲ್ಲ, ಆದರೆ ಖರ್ಚು ಇಳಿಸಿದವರಿಗೆ ಕಡಿಮೆ ಫೀ ಸಿಗುವ ಲೆಕ್ಕ ಯಾರಿಗೂ ಖುಷಿ ಕೊಡುವುದಿಲ್ಲ ಅಲ್ವಾ? ಶೇಕಡಾ ಲೆಕ್ಕವೇ ಅಂತಾದರೆ, ಇಬ್ಬರೂ ಒಪ್ಪಿದ ಎಸ್ಟಿಮೇಟಿನ ಮೇಲೆ ಶೇಕಡಾ ಎಂದು ಬರೆಸಿ.

ಫೀಯಲ್ಲಿ ಏನೇನು ಸೇರಿದೆ ಎಂದು ಕಾಗದದ ಮೇಲೆ ಇರಲಿ. ಪರವಾನಗಿ ನಕ್ಷೆ, ಕೆಲಸದ ನಕ್ಷೆ, ಸ್ಟ್ರಕ್ಚರಲ್ ಡಿಸೈನ್, ವೈರಿಂಗ್ ಮತ್ತು ಪ್ಲಂಬಿಂಗ್ ನಕ್ಷೆ, ಐಟಂವಾರು ಅಳತೆ ಪಟ್ಟಿ, ಸೈಟಿಗೆ ಎಷ್ಟು ಸಲ ಬರುತ್ತಾರೆ, ನಕ್ಷೆ ಎಷ್ಟು ಸಲ ಬದಲಿಸಿ ಕೊಡುತ್ತಾರೆ. ಆರ್ಕಿಟೆಕ್ಟ್ ಸೈಟಿಗೆ ಬರುವುದು ಬೇರೆ, ದಿನವೂ ನಿಂತು ಸೂಪರ್‌ವೈಸ್ ಮಾಡುವುದು ಬೇರೆ. ಎರಡನೆಯದು ಸಾಮಾನ್ಯವಾಗಿ ಫೀಯಲ್ಲಿ ಇರುವುದಿಲ್ಲ. ಅಂಗಡಿಗಳಿಂದ ಕಮಿಷನ್ ಬರುತ್ತದೆಯಾ ಎಂದು ನೇರವಾಗಿ ಕೇಳಿ. ಮುಜುಗರ ಒಂದು ನಿಮಿಷದ್ದು.

ಇನ್ನು ಆ ನಿಜ. ನಮ್ಮಲ್ಲಿ 50 ಇದ್ದರೆ 40 ಅಂತ ಹೇಳುವ ರೂಢಿ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಅದು ಸರಿ. ಆರ್ಕಿಟೆಕ್ಟ್ ಹತ್ತಿರ ಮಾಡಿದರೆ ಅವರು 40ಕ್ಕೆ ನಕ್ಷೆ ಬಿಡಿಸುತ್ತಾರೆ, ನೀವು ಒಳಗೊಳಗೇ 50 ಇದೆ ಎಂದು ಒಂದೊಂದೇ ಸೇರಿಸುತ್ತಾ ಹೋಗುತ್ತೀರಿ, ಕೊನೆಗೆ ಅದು 58ಕ್ಕೆ ನಿಲ್ಲುತ್ತದೆ. ಯಾಕೆಂದರೆ ಸೇರಿಸಿದ್ದಕ್ಕೆ ಯಾರೂ ಲೆಕ್ಕ ಇಟ್ಟಿಲ್ಲ. ಪೂರ್ತಿ ಮೊತ್ತ ಹೇಳಿ. ಅದರಲ್ಲಿ ಮೀಸಲು ಎಷ್ಟು, ಅದನ್ನು ಮುಟ್ಟುವ ಹಾಗಿಲ್ಲ ಎಂದೂ ಹೇಳಿ. ಮೇಲಿನ ಪಟ್ಟಿಯನ್ನೇ ಅವರ ಟೇಬಲ್ ಮೇಲೆ ಇಟ್ಟರೆ ಇನ್ನೂ ಒಳ್ಳೆಯದು.

ನಾಲ್ಕನೇ ಹೆಜ್ಜೆ: ನಕ್ಷೆಯಲ್ಲೇ ಉಳಿಸಿ

ಖರ್ಚು ಇಳಿಸಲು ಎಲ್ಲಕ್ಕಿಂತ ದೊಡ್ಡ ದಾರಿ ಮನೆ ಸಣ್ಣದು ಮಾಡುವುದು. ಟೈಲ್ಸಿನಲ್ಲಿ ಚದರಡಿಗೆ ಹತ್ತು ರೂಪಾಯಿ ಉಳಿಸಲು ಹತ್ತು ಅಂಗಡಿ ಸುತ್ತುತ್ತೇವೆ. 1,500 ಚದರಡಿಗೆ ಅದು 15,000 ರೂಪಾಯಿ. ನಕ್ಷೆಯಲ್ಲಿ ಹತ್ತು ಫೂಟು ಉದ್ದದ, ನಾಲ್ಕು ಫೂಟು ಅಗಲದ ಓಣಿಯಂಥ ಪ್ಯಾಸೇಜ್ ತೆಗೆದರೆ, ಮೇಲಿನ ರೇಟಿನಲ್ಲೇ 76,000 ಉಳಿಯುತ್ತದೆ. ಆ ಪ್ಯಾಸೇಜಿನಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ.

ಆಕಾರ ಸರಳ ಇದ್ದಷ್ಟು ಒಳ್ಳೆಯದು. ಒಂದೊಂದು ಮೂಲೆ ಮುರಿದಾಗಲೂ ಗೋಡೆಯ ಉದ್ದ ಬೆಳೆಯುತ್ತದೆ, ಗಿಲಾವು ಬೆಳೆಯುತ್ತದೆ, ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಹಲಗೆ ಕಟ್ಟುವುದು) ಕಷ್ಟವಾಗುತ್ತದೆ. ಮೇಲಿನ ಬಚ್ಚಲು ಕೆಳಗಿನ ಬಚ್ಚಲಿನ ಮೇಲೆಯೇ ಬರಲಿ, ಅಡುಗೆಮನೆ ಹತ್ತಿರದಲ್ಲೇ ಇರಲಿ. ಪೈಪು ಕಡಿಮೆ, ಮುಂದೆ ಸೋರಿದರೆ ಹುಡುಕುವುದೂ ಸುಲಭ. ಕಂಬವಿಲ್ಲದ ದೊಡ್ಡ ಹಾಲ್, ಎರಡು ಮಹಡಿ ಎತ್ತರದ ಪಡಸಾಲೆ, ಮುಂದಕ್ಕೆ ಚಾಚಿದ ಬಾಲ್ಕನಿ, ಇವೆಲ್ಲ ಕಬ್ಬಿಣ ತಿನ್ನುತ್ತವೆ. ಬೇಡ ಅಂತಲ್ಲ. ಯಾವುದಾದರೂ ಒಂದು ಆಸೆ ಇಟ್ಟುಕೊಳ್ಳಿ, ಅದರ ಬೆಲೆ ಎಷ್ಟು ಎಂದು ಆರ್ಕಿಟೆಕ್ಟ್ ಬಾಯಿಂದ ಕೇಳಿ, ಆಮೇಲೆ ಒಪ್ಪಿ.

"ಮುಂದೆ ಮಗ ಮೇಲೆ ಕಟ್ಟುತ್ತಾನೆ" ಎನ್ನುವುದನ್ನೂ ಈಗಲೇ ಮಾತಾಡಿ. ಮುಂದಿನ ಎರಡು ಮಹಡಿಗೆ ಬೇಕಾದ ಪಾಯ, ಕಂಬಗಳ ಖರ್ಚನ್ನು ನೀವು ಇವತ್ತು ಸಾಲ ಮಾಡಿ ಹಾಕುತ್ತೀರಿ. ಒಂದು ಮಹಡಿಗೆ ಮಾತ್ರ ಅವಕಾಶ ಇಟ್ಟರೆ ಸಾಕಲ್ವಾ ಎಂದು ಮನೆಯಲ್ಲಿ ಕೂತು ಕೇಳಿಕೊಳ್ಳಿ. ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ತಗೊಂಡರೆ ಆ ಕಂಬಗಳು ಸುಮ್ನೆ ನಿಂತಿರುತ್ತವೆ.

ವಾಸ್ತು ನೋಡುವವರು ಇದ್ದರೆ ಅವರನ್ನು ಮೊದಲ ಗೆರೆ ಬೀಳುವ ಮುಂಚೆಯೇ ಕರೆಸಿ. ಒಬ್ಬರನ್ನೇ. ನಮ್ಮ ಕಡೆ ಮನೆ ಖರ್ಚು ಏರಿಸುವವರಲ್ಲಿ ಲಿಂಟಲ್ ಮಟ್ಟಕ್ಕೆ ಬಂದ ಮೇಲೆ ನೋಡಲು ಬರುವ ವಾಸ್ತು ಪಂಡಿತರದ್ದು ದೊಡ್ಡ ಪಾಲು. ಅಡುಗೆಮನೆ ಬಾಗಿಲು ಸರಿಸಿ, ಮೆಟ್ಟಿಲು ತಿರುಗಿಸಿ ಎಂದು ಹೇಳಿ ಹೋಗುತ್ತಾರೆ. ಕೆಡವುವ ಬಿಲ್ಲು ನಿಮಗೆ ಬರುತ್ತದೆ. ಅದೇ ರೀತಿ ಮನೆಯ ಹಿರಿಯರಿಗೂ ನಕ್ಷೆ ಅರ್ಥವಾಗುವ ಹಾಗೆ ತೋರಿಸಿ. ಕಾಗದದ ಮೇಲೆ ಅಲ್ಲ, ಪ್ಲಾಟಿನಲ್ಲಿ ಸುಣ್ಣದ ಪುಡಿಯಿಂದ ಕೋಣೆಗಳನ್ನು ಗುರುತು ಮಾಡಿ. ಅವ್ವ ಅದರಲ್ಲಿ ನಿಂತು "ಇಲ್ಲಿ ಕಾಟ್ ಹಾಕಿದ್ರ ಕಪಾಟಿನ ಬಾಗಲಾ ತಗಿಯಾಕ ಬರಂಗಿಲ್ಲ" ಎಂದು ಹೇಳುವುದು ಆಗ ಪುಕ್ಕಟೆ.

ಪರವಾನಗಿ ಬಗ್ಗೆ ಚಿಕ್ಕದಾಗಿ: ಪಾಲಿಕೆ ಅಥವಾ ನಗರಸಭೆಗೆ ಕೊಟ್ಟ ನಕ್ಷೆಯೂ ಕಟ್ಟುವ ನಕ್ಷೆಯೂ ಒಂದೇ ಇರಲಿ, ಬಿಡಬೇಕಾದ ಜಾಗ ಬಿಡಿ. ಕಟ್ಟಡದ ಖರ್ಚು ಸರ್ಕಾರ ಗೊತ್ತು ಮಾಡಿದ ಮಿತಿ ಮೀರಿದರೆ ಕಾರ್ಮಿಕ ಸೆಸ್ ಬೀಳುತ್ತದೆ. ಅದನ್ನು ಪಟ್ಟಿಗೆ ಸೇರಿಸಿ.

ಐದನೇ ಹೆಜ್ಜೆ: ಎಸ್ಟಿಮೇಟ್ ಮತ್ತು ಕೊಟೇಶನ್

ಎಸ್ಟಿಮೇಟ್ ಎರಡು ಸಲ ಕೇಳಿ. ಮೊದಲ ಸ್ಕೆಚ್ ಒಪ್ಪಿದಾಗ ಒಂದು ಅಂದಾಜು. ಅದು ಮಿತಿ ದಾಟಿದ್ದರೆ ಅಲ್ಲೇ ನಿಂತು ಅಳತೆ ಕಡಿಮೆ ಮಾಡಿ, ಮುಂದೆ ಹೇಗಾದರೂ ಸರಿಹೋಗುತ್ತದೆ ಎಂದು ದಾಟಬೇಡಿ. ಕೆಲಸದ ನಕ್ಷೆ ಪೂರ್ತಿ ಆದ ಮೇಲೆ ಇನ್ನೊಂದು, ಐಟಂವಾರು. ಕಾಂಕ್ರೀಟ್ ಎಷ್ಟು ಘನ ಮೀಟರ್, ಕಬ್ಬಿಣ ಎಷ್ಟು ಕಿಲೋ, ಇಟ್ಟಂಗಿ ಗೋಡೆ ಎಷ್ಟು, ಗಿಲಾವು ಎಷ್ಟು ಚದರ ಮೀಟರ್. ಬ್ಯಾಂಕಿಗೆ ಕೊಡುವ ಎಸ್ಟಿಮೇಟನ್ನು ಇದರ ಜೊತೆ ಬೆರೆಸಬೇಡಿ. ಅದು ಸಾಲಕ್ಕೆ, ಇದು ಮನೆಗೆ.

ಈ ಪಟ್ಟಿಯನ್ನೇ ಮೂರು ಕಾಂಟ್ರಾಕ್ಟರ್‌ಗಳಿಗೆ ಕೊಟ್ಟು ರೇಟು ತುಂಬಿಸಿ. ಆಗ ಹೋಲಿಸಲು ಬರುತ್ತದೆ. ಪಟ್ಟಿ ಇಲ್ಲದೆ ಚದರಡಿ ರೇಟು ಕೇಳಿದರೆ ಒಬ್ಬ ಬಾಲ್ಕನಿಯನ್ನು ಪೂರ್ತಿ ಲೆಕ್ಕ ಹಿಡಿಯುತ್ತಾನೆ, ಇನ್ನೊಬ್ಬ ಅರ್ಧ. ಒಬ್ಬನ ರೇಟಿನಲ್ಲಿ ಸಂಪು ಇದೆ, ಇನ್ನೊಬ್ಬನಲ್ಲಿ ಇಲ್ಲ. ಮೆಟ್ಟಿಲಿನ ಮೇಲಿನ ಕೋಣೆ, ಓವರ್‌ಹೆಡ್ ಟ್ಯಾಂಕಿನ ಕಟ್ಟೆ, ಪ್ಯಾರಾಪಿಟ್ ಎಲ್ಲಿ ಹೋದವು ಎಂದು ಗೊತ್ತಾಗುವುದಿಲ್ಲ. ತೀರಾ ಕಡಿಮೆ ಕೊಟೇಶನ್ ಬಂದರೆ ಖುಷಿಪಡುವ ಮೊದಲು ಯಾವ ಐಟಂನಲ್ಲಿ ಕಡಿಮೆ ಅಂತ ಆರ್ಕಿಟೆಕ್ಟ್ ಜೊತೆ ಕೂತು ನೋಡಿ. ಸಾಮಾನ್ಯವಾಗಿ ಒಂದು ಐಟಂ ಬಿಟ್ಟೇ ಹೋಗಿರುತ್ತದೆ. ಅದು ಮುಂದೆ 'ಎಕ್ಸ್‌ಟ್ರಾ' ಎಂದು ವಾಪಸ್ ಬರುತ್ತದೆ.

ಲೇಬರ್ ಕಾಂಟ್ರಾಕ್ಟ್ ಒಳ್ಳೆಯದೋ, ಮಟೀರಿಯಲ್ ಸಮೇತ ಕೊಡುವುದೋ? ಸೈಟಿಗೆ ದಿನಾ ಹೋಗುವ ಮನುಷ್ಯ ನಿಮ್ಮ ಮನೆಯಲ್ಲಿದ್ದರೆ ಲೇಬರ್ ಕಾಂಟ್ರಾಕ್ಟ್. ರಿಟೈರ್ ಆದ ಅಪ್ಪ, ಹತ್ತಿರದಲ್ಲೇ ಇರುವ ಮಾಮ ಯಾರಾದರೂ ಸರಿ. ಸ್ವಂತ ಒಂಟಿ ಮನೆಯ ಬರೀ ಲೇಬರ್ ಕಾಂಟ್ರಾಕ್ಟಿಗೆ ಜಿಎಸ್‌ಟಿ ವಿನಾಯಿತಿಯೂ ಇದೆ. ಮಟೀರಿಯಲ್ ಸಮೇತ ಕೊಟ್ಟರೆ ಬಿಲ್ಲಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಅದು ರೇಟಿನೊಳಗೆ ಇದೆಯೋ, ಹೊರಗೋ ಎಂದು ಬರೆಸಿಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವವರಾಗಿದ್ದರೆ, ಊರಲ್ಲೇ ಇಲ್ಲದವರಾಗಿದ್ದರೆ, ಲೇಬರ್ ಕಾಂಟ್ರಾಕ್ಟಿನಲ್ಲಿ ಉಳಿಯುವುದಕ್ಕಿಂತ ಸೋರುವುದೇ ಜಾಸ್ತಿ. ಹಳೆಯ ಎಸ್ಟಿಮೇಟ್ ಇಟ್ಟುಕೊಂಡವರು ಒಂದು ಗಮನಿಸಿ: ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28%ನಿಂದ 18%ಗೆ ಇಳಿದಿದೆ.

ಆರನೇ ಹೆಜ್ಜೆ: ಕರಾರು ಪತ್ರ ಮತ್ತು ಕಂತು

ನೆಂಟರ ಪೈಕಿ ಕಾಂಟ್ರಾಕ್ಟರ್ ಆದರೂ ಕರಾರು ಬರೆಯಿರಿ. ನೆಂಟರಾದರೆ ಮೊದಲು ಬರೆಯಿರಿ. ಸಿಮೆಂಟ್, ಕಬ್ಬಿಣ ಯಾವ ದರ್ಜೆಯದು, ಕಾಂಕ್ರೀಟ್ ಎಂ20ಯೋ ಎಂ25ಓ (ಅದರ ಗಟ್ಟಿತನದ ದರ್ಜೆ), ಪೈಪು, ವೈರು, ಸ್ವಿಚ್ಚು ಯಾವ ಕಂಪನಿಯದು, ಟೈಲ್ಸಿಗೆ ಚದರಡಿಗೆ ಎಷ್ಟು ರೂಪಾಯಿವರೆಗೆ, ಎಲ್ಲ ಅದರಲ್ಲಿ ಇರಲಿ. "ಒಳ್ಳೆ ಕ್ವಾಲಿಟಿ" ಅಂತ ಬರೆದರೆ ಏನೂ ಬರೆದ ಹಾಗಲ್ಲ.

ಕಂತು ಹಂತದ ಪ್ರಕಾರ, ಕೆಲಸ ಮುಗಿದು ಆರ್ಕಿಟೆಕ್ಟ್ ನೋಡಿ ಸರಿ ಅಂದ ಮೇಲೆ. ನಿಮ್ಮ ದುಡ್ಡು ಯಾವತ್ತೂ ಕೆಲಸಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಇರಬೇಕು. ವಾರದ ಬಟವಾಡೆ ದಿನ "ಆಳುಗಳಿಗೆ ಕೊಡಬೇಕ್ರಿ ಸಾಹೇಬ್ರ" ಎಂದು ಕಾಂಟ್ರಾಕ್ಟರ್ ನಿಂತಾಗ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ. ಅದಕ್ಕೆ ಬಟವಾಡೆಗೆಂದೇ ಒಂದು ಸಣ್ಣ ವಾರದ ಮೊತ್ತ ಕರಾರಿನಲ್ಲಿ ಇಟ್ಟು, ಅದನ್ನು ಹಂತದ ಕಂತಿನಲ್ಲಿ ಕಳೆಯಿರಿ. ಪ್ರತಿ ಬಿಲ್ಲಿನಲ್ಲಿ 5% ಹಿಡಿದಿಟ್ಟು, ಮುಗಿದ ಮೇಲೆ ಒಂದು ಮಳೆಗಾಲ ದಾಟಿಸಿ ಕೊಡುವುದೆಂದೂ ಬರೆಯಿರಿ.

ಏಳನೇ ಹೆಜ್ಜೆ: ಕೆಲಸ ಶುರುವಾದ ಮೇಲೆ

ಎರೆ ನೆಲದಲ್ಲಿ ಮಳೆಗಾಲಕ್ಕೆ ಪಾಯ ತೆಗೆದರೆ ನೀರು ಎತ್ತುವುದಕ್ಕೇ ದುಡ್ಡು. ದೀಪಾವಳಿ ಮುಗಿಸಿ ಪಾಯ ಶುರು ಮಾಡಿ, ಜೂನ್ ಮಳೆಯ ಮೊದಲು ಸ್ಲ್ಯಾಬ್ ಮುಗಿಯುವ ಹಾಗೆ ನೋಡಿಕೊಂಡರೆ ಅನುಕೂಲ. ನಡುವೆ ಸಿದ್ಧಾರೂಢರ ಜಾತ್ರೆ, ಹೋಳಿ, ರಂಗಪಂಚಮಿ ಬರುತ್ತವೆ, ಆಳು ಬರುವುದಿಲ್ಲ. ಮುಂಗಾರು ಬಿದ್ದರೆ ಹಳ್ಳಿಯವರು ಬಿತ್ತನೆಗೆ ಹೋಗುತ್ತಾರೆ. ಆ ದಿನಗಳನ್ನು ಕೆಲಸದ ದಿನಗಳಿಂದ ಕಳೆದೇ ಅವಧಿ ಹಾಕಿ, ಯಾಕೆಂದರೆ ತಡವಾದ ಪ್ರತಿ ತಿಂಗಳಿಗೂ ಬಾಡಿಗೆ ಮತ್ತು ಬಡ್ಡಿ ಎರಡೂ ನಡೆಯುತ್ತವೆ.

ಸಾಮಾನಿನ ಲೆಕ್ಕ. ಉಸುಕು, ಖಡಿ ಬ್ರಾಸ್ ಲೆಕ್ಕದಲ್ಲಿ ಬರುತ್ತದೆ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟಿಪ್ಪರಿನ ಉದ್ದ, ಅಗಲ, ಸಾಮಾನಿನ ಎತ್ತರ ಟೇಪಿನಲ್ಲಿ ಅಳೆದು ಗುಣಿಸಿ ನೋಡಿ. ಕಬ್ಬಿಣದ ತೂಕ ತಾಳೆ ನೋಡಲು ಸುಲಭ ಸೂತ್ರವಿದೆ: ಸಳಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಮಿಲಿಮೀಟರ್ ಸಳಿಗೆ 144 ಭಾಗಿಸು 162, ಅಂದರೆ 0.89 ಕಿಲೋ. 12 ಮೀಟರ್ ಸಳಿ ಸುಮಾರು 10.7 ಕಿಲೋ ತೂಗಬೇಕು. ಸಿಮೆಂಟ್ ಅಗ್ಗ ಸಿಕ್ಕಿತೆಂದು ಒಮ್ಮೆಗೇ ತುಂಬಿಡಬೇಡಿ. ಮೂರು ತಿಂಗಳು ಮೀರಿದರೆ ಅದರ ಕಸುವು ಇಳಿಯುತ್ತದೆ.

ನೀರು ಇನ್ನೊಂದು ಮರೆತುಹೋಗುವ ಖರ್ಚು. ನಳ ದಿನ ಬಿಟ್ಟು ದಿನ ಬರುವ ಕಡೆ ಕ್ಯೂರಿಂಗಿಗೆ ಟ್ಯಾಂಕರ್ ಬೇಕಾಗುತ್ತದೆ. ಆದರೂ ಅಲ್ಲಿ ಕೈ ಬಿಗಿ ಹಿಡಿಯಬೇಡಿ. ನಮ್ಮ ಬೇಸಿಗೆಯ ಬಿಸಿಲಿಗೆ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆ ಇಡಲೇಬೇಕು. ಈಗ ಹೆಚ್ಚು ಬಳಸುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ 14 ದಿನ. ಬೋರ್ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸಿ. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ದಾಟಿದರೆ ಒಳಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಈಗ ಮುಖ್ಯ ವಿಷಯ, ಬದಲಾವಣೆ. ಮನೆ ಏಳುತ್ತಿದ್ದಂತೆ ಆಸೆಗಳೂ ಏಳುತ್ತವೆ. "ಇಲ್ಲೊಂದ್ ಶೆಲ್ಫ್ ಹಾಕ್ಸೂಣೇನ್ರಿ?" ಎಂದು ಗೌಂಡಿ ಕೇಳುತ್ತಾನೆ, "ಹಾಕ್ರಿ" ಅನ್ನುತ್ತೀರಿ. ಬಿಲ್ಲು ಕೊನೆಗೆ ಒಟ್ಟಿಗೆ ಬರುತ್ತದೆ. ಅದಕ್ಕೆ ಒಂದು ದಪ್ಪ ನೋಟ್‌ಬುಕ್ ಸೈಟಿನಲ್ಲಿ ಇಡಿ. ಏನು ಬದಲಾವಣೆ, ಯಾರು ಹೇಳಿದರು, ಎಷ್ಟು ದುಡ್ಡು, ಎಷ್ಟು ದಿನ ತಡ, ಇಷ್ಟು ಬರೆದು ನೀವು ಮತ್ತು ಕಾಂಟ್ರಾಕ್ಟರ್ ಸಹಿ ಮಾಡಿದ ಮೇಲೆಯೇ ಕೆಲಸ. ಮನೆಯಲ್ಲಿ ಒಬ್ಬರಿಗೆ ಮಾತ್ರ 'ಹೂಂ' ಅನ್ನುವ ಹಕ್ಕು ಇರಲಿ. ಅಣ್ಣ ಒಂದು ಹೇಳಿ, ಮಾಮ ಇನ್ನೊಂದು ಹೇಳಿ ಹೋದರೆ ಗೌಂಡಿ ಯಾರ ಮಾತು ಕೇಳಬೇಕು? ಬೆಲೆ ಬರೆದ ಮೇಲೆ ಅರ್ಧ ಬದಲಾವಣೆಗಳು ತಾವೇ ಬಿದ್ದುಹೋಗುತ್ತವೆ.

ಸ್ವಿಚ್ಚು, ನಳ, ಎಸಿ, ಇನ್ವರ್ಟರ್ ಎಲ್ಲೆಲ್ಲಿ ಎಂಬುದು ಗಿಲಾವಿಗೆ ಮುಂಚೆ ಪಕ್ಕಾ ಆಗಿರಬೇಕು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮನೆಯವರೆಲ್ಲ ಒಮ್ಮೆ ಸುತ್ತಿ ಬನ್ನಿ. ಪೈಪು, ವೈರು ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಎಂಟನೇ ಹೆಜ್ಜೆ: ಫಿನಿಶಿಂಗ್

ಗೋಡೆ, ಸ್ಲ್ಯಾಬ್ ಎಸ್ಟಿಮೇಟಿಗೆ ಹತ್ತಿರವೇ ಇರುತ್ತವೆ. ಶೋರೂಮಿಗೆ ಕಾಲಿಟ್ಟ ದಿನ ಲೆಕ್ಕ ಜಾರುತ್ತದೆ. "ಇಷ್ಟ್ ಹಾಕೀವಿ, ಇನ್ನೊಂದಿಷ್ಟ್ ಹೋದ್ರ ಹೋಗ್ಲಿ" ಎಂಬ ಮಾತು ಮನೆಯಲ್ಲಿ ಕೇಳಿಬಂದರೆ ಅವತ್ತು ಯಾವುದಕ್ಕೂ ಅಡ್ವಾನ್ಸ್ ಕೊಡಬೇಡಿ. ಟೈಲ್ಸು, ನಳ, ಕಮೋಡು, ಲೈಟು ಇವಕ್ಕೆ ಕೆಲಸ ಶುರುವಾಗುವ ಮೊದಲೇ ಒಂದೊಂದಕ್ಕೆ ಮಿತಿ ಹಾಕಿ, ಆ ಚೀಟಿ ಹಿಡಿದೇ ಅಂಗಡಿಗೆ ಹೋಗಿ. ಟೈಲ್ಸಿನಲ್ಲಿ 10% ಜಾಸ್ತಿ ತಗೊಳ್ಳಿ, ಕಟಿಂಗ್‌ನಲ್ಲಿ ಹೋಗುತ್ತದೆ. ಆಮೇಲೆ ಅದೇ ಬಣ್ಣದ ಬ್ಯಾಚು ಸಿಗುವುದಿಲ್ಲ.

ನಮ್ಮ ಸುತ್ತಲಿನ ಕಲ್ಲನ್ನು ಮರೆಯಬೇಡಿ. ಹಿತ್ತಲು, ಕಟ್ಟೆ, ಪಾರ್ಕಿಂಗ್ ಇಲ್ಲೆಲ್ಲ ಶಹಾಬಾದ್ ಫರಸಿ ಚೆನ್ನಾಗಿ ಬರುತ್ತದೆ. ಮೆಟ್ಟಿಲಿಗೆ ಇಳಕಲ್ ಗ್ರಾನೈಟ್ ಗಟ್ಟಿ. ಕಟ್ಟಿಗೆಯಲ್ಲಿ ಮುಂಬಾಗಿಲು ಒಂದಕ್ಕೆ ಸಾಗವಾನಿ ಹಾಕಿ. ದಾಂಡೇಲಿ ಕಡೆಯ ಅರಣ್ಯ ಇಲಾಖೆ ಡಿಪೋಗಳಲ್ಲಿ ಹರಾಜು ನಡೆಯುತ್ತದೆ, ಆದರೆ ಕೊಯ್ಯಿಸಿ ಒಣಗಿಸಲು ಸಮಯ ಬೇಕು, ಮೊದಲೇ ಯೋಚಿಸಿ. ಒಳಬಾಗಿಲಿಗೆಲ್ಲ ಸಾಗವಾನಿ ಹಾಕುವುದು ಬೀಗರಿಗೆ ತೋರಿಸಲು ಅಷ್ಟೇ.

ದುಡ್ಡು ಸಾಲದಾಗ ಕೈ ಹಾಕಬಾರದ ಜಾಗಗಳು: ಪಾಯ, ಕಬ್ಬಿಣ, ಬಚ್ಚಲು ಮತ್ತು ಟೆರೇಸಿನ ವಾಟರ್‌ಪ್ರೂಫಿಂಗ್, ಗೋಡೆಯೊಳಗಿನ ವೈರು ಮತ್ತು ಪೈಪು. ಮುಂದೂಡಬಹುದಾದವು ಬಹಳ ಇವೆ. ವಾರ್ಡ್‌ರೋಬ್‌ಗೆ ಜಾಗ ಬಿಟ್ಟು ಬಾಗಿಲು ಮುಂದಿನ ವರ್ಷ ಹಾಕಿಸಿ. ಫಾಲ್ಸ್ ಸೀಲಿಂಗ್ ಇಲ್ಲದೆ ಯಾರ ಮನೆಯೂ ನಿಂತಿಲ್ಲ. ಕಂಪೌಂಡಿನ ಕ್ಲ್ಯಾಡಿಂಗ್, ಗೇಟಿನ ಡಿಸೈನು, ಮೇಲಿನ ಕೋಣೆಯ ಬಣ್ಣ ಎಲ್ಲ ಕಾಯುತ್ತವೆ.

ಪ್ರತಿ ತಿಂಗಳು ಒಂದು ಹಾಳೆ

ತಿಂಗಳಿಗೊಮ್ಮೆ ಆರ್ಕಿಟೆಕ್ಟ್ ಜೊತೆ ಕೂತು ಒಂದು ಹಾಳೆ ತುಂಬಿ. ಪ್ರತಿ ಐಟಂಗೆ ಮೂರು ಕಾಲಂ: ಎಸ್ಟಿಮೇಟಿನಲ್ಲಿ ಎಷ್ಟಿತ್ತು, ಇಲ್ಲಿಯವರೆಗೆ ಎಷ್ಟು ಕೊಟ್ಟಿದ್ದೀರಿ, ಮುಗಿಯಲು ಇನ್ನು ಎಷ್ಟು ಬೇಕು. ಎಲ್ಲರೂ ಎರಡನೇ ಕಾಲಂ ಮಾತ್ರ ಬರೆಯುತ್ತಾರೆ. ಉಪಯೋಗಕ್ಕೆ ಬರುವುದು ಮೂರನೆಯದು. ಕೊಟ್ಟದ್ದು ಮತ್ತು ಇನ್ನು ಬೇಕಾದದ್ದು ಸೇರಿ ಮಿತಿ ದಾಟುತ್ತಿದ್ದರೆ, ಅದು ಸ್ಲ್ಯಾಬ್ ಹಂತದಲ್ಲೇ ಗೊತ್ತಾಗುತ್ತದೆ. ಆಗ ಫಿನಿಶಿಂಗಿನಲ್ಲಿ ಏನು ಬಿಡಬೇಕು ಎಂದು ನಿಧಾನವಾಗಿ ಯೋಚಿಸಬಹುದು. ಮೀಸಲಿನ 5 ಲಕ್ಷದಲ್ಲಿ ಎಷ್ಟು ಮುಟ್ಟಿದ್ದೀರಿ ಎಂದೂ ಅದೇ ಹಾಳೆಯಲ್ಲಿ ಬರೆಯಿರಿ. ಪಾಯದಲ್ಲೇ ಅರ್ಧ ಹೋಗಿದ್ದರೆ ಮುಂದಿನ ಆಸೆಗಳಿಗೆ ಅಲ್ಲೇ ಬಾಗಿಲು ಹಾಕಿ.

ಕೆಲಸ ಮುಗಿದಾಗ ಆರ್ಕಿಟೆಕ್ಟ್ ಹತ್ತಿರ ಕೊನೆಯ ನಕ್ಷೆಗಳ ಒಂದು ಸೆಟ್ ಕೇಳಿ ಪಡೆಯಿರಿ, ಗೋಡೆಯ ಫೋಟೋಗಳ ಜೊತೆ ಫೈಲ್ ಮಾಡಿ ಇಡಿ. ಹಿಡಿದಿಟ್ಟ 5% ಬಿಡುಗಡೆ ಮಾಡುವ ಮೊದಲು, ಮಳೆ ಬಿದ್ದ ಮರುದಿನ ಟೆರೇಸು, ಕಿಟಕಿಯ ಅಂಚು, ಬಚ್ಚಲಿನ ಹಿಂಬದಿ ಗೋಡೆ ಇವನ್ನು ಕಾಂಟ್ರಾಕ್ಟರ್‌ನನ್ನು ಜೊತೆಗೆ ಕರೆದುಕೊಂಡೇ ನೋಡಿ. ಕಲೆ ಇದ್ದ ಕಡೆ ಆತ ಸರಿ ಮಾಡಿಕೊಡಲಿ, ಆಮೇಲೆ ಚೆಕ್ ಬರೆಯಿರಿ.